ಆಫ್ರಿಕಾ ಓದೋಕೆ ಲಂಡನ್ನಿಗೆ ಯಾಕೆ?

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಕೀನ್ಯಾದ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡೋಕೆ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬರ್ತಿದ್ದೀಯ. ಇಲ್ಲಿ ಬದುಕು ಹೇಗೆ, ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಜೊತೆಗೆ ನಿಮ್ಮ ಅಪ್ಪನ ಮಾತನ್ನೂ ಬರೆದಿದ್ದೀಯ: "ಆಫ್ರಿಕಾ ಓದೋಕೆ ಲಂಡನ್ನಿಗೆ ಯಾಕೆ?" ಹತ್ತೊಂಬತ್ತು ವರ್ಷದಿಂದ ಇಲ್ಲಿ ಇದನ್ನೇ ಪಾಠ ಮಾಡುವ ನನಗೂ ಅದೇ ದೊಡ್ಡ ಪ್ರಶ್ನೆ. ಮೊದಲು ಅದಕ್ಕೇ ಬರುತ್ತೇನೆ.

ಕೀನ್ಯಾ ಆಳಿದ ಬ್ರಿಟಿಷರು ಹೊರಡುವಾಗ ಎಷ್ಟೋ ಕಾಗದಪತ್ರ ಕಟ್ಟಿಕೊಂಡು ಬಂದರು. ಅವು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಫೈಲಿನ ದಾರ ಬಿಚ್ಚಿದರೆ ಗವರ್ನರ್ ಬರೆದ ಪತ್ರ, ಅದರ ಜೊತೆ ಲಂಡನ್ನಿನ ಅಧಿಕಾರಿಗಳು ಒಬ್ಬರ ಕೆಳಗೊಬ್ಬರು ಬರೆದ ಟಿಪ್ಪಣಿ. ಮೊದಲು ಟಿಪ್ಪಣಿ ಓದು. ಯಾವುದನ್ನು ಮುಚ್ಚಿಡಬೇಕು ಅಂತ ಮಾತಾಡಿಕೊಂಡದ್ದು ಅಲ್ಲೇ ಸಿಗುತ್ತದೆ.

ಎಷ್ಟೋ ಫೈಲುಗಳನ್ನು ಸುಟ್ಟರು, ಎಷ್ಟೋ ಬಚ್ಚಿಟ್ಟರು. 1952ರಿಂದ 1960ರವರೆಗೆ, ಬ್ರಿಟಿಷರ ವಿರುದ್ಧ ನಡೆದ ಮೌ ಮೌ ದಂಗೆಯ ಕಾಲದಲ್ಲಿ, ಕೀನ್ಯಾದ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿ ಹಿಂಸೆ ಕೊಟ್ಟರು. 2009ರಲ್ಲಿ ಅಂಥ ಐದು ಮಂದಿ ವಯಸ್ಸಾದವರು ಬ್ರಿಟಿಷ್ ಸರ್ಕಾರದ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ ಕೇಸು ಹಾಕಿದರು. ಡೇವಿಡ್ ಆಂಡರ್ಸನ್, ಕ್ಯಾರೊಲಿನ್ ಎಲ್ಕಿನ್ಸ್, ಹ್ಯೂ ಬೆನೆಟ್ ಈ ಮೂವರು ಆ ಹಿರಿಯರ ಪರ ಹೇಳಿಕೆ ಕೊಟ್ಟರು. ಮೂವರೂ ನಮ್ಮ ಹಾಗೆ ಚರಿತ್ರೆ ಮೇಷ್ಟ್ರುಗಳೇ. 37 ವಸಾಹತುಗಳ ಸಾವಿರಾರು ಫೈಲು ಹ್ಯಾನ್‌ಸ್ಲೋಪ್ ಪಾರ್ಕ್ ಅನ್ನೋ ಸರ್ಕಾರಿ ಜಾಗದಲ್ಲಿ ಇವೆ ಅಂತ 2011ರಲ್ಲಿ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. 2013ರಲ್ಲಿ 5,228 ಮಂದಿಗೆ, ಖರ್ಚೂ ಸೇರಿ, 1.99 ಕೋಟಿ ಪೌಂಡ್ ಪರಿಹಾರ ಘೋಷಿಸಿತು. ಈ ಓದಿನಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಕ್ಯೂ ಒಂದನ್ನೇ ನಂಬಿ ಕೂರಬೇಡ. ಕೀನ್ಯಾದ ಸ್ವಾಹಿಲಿ ಭಾಷೆ ಕಲಿ, ಇವತ್ತೇ ಶುರು ಮಾಡು. ಗಾರಿ ಅಂದ್ರೆ ಗಾಡಿ, ದುಕಾ ಅಂದ್ರೆ ಅಂಗಡಿ. ಚಪಾತಿ ಅಂದ್ರೆ ಚಪಾತಿಯೇ! ಈ ಪದಗಳ ಹಿಂದೆ ನಮ್ಮವರಿದ್ದಾರೆ. 1896ರಿಂದ ಮೊಂಬಾಸಾದ ರೈಲು ದಾರಿಗೆ ಸುಮಾರು 32,000 ಮಂದಿಯನ್ನು ಭಾರತದಿಂದ ಕರೆದೊಯ್ದರು. ಸುಮಾರು 2,500 ಜನ ಅಲ್ಲೇ ಸತ್ತರು. ಅದನ್ನು ಓದಿ ನಾವೂ ನೊಂದವರು ಅಂದುಕೊಂಡೇ ನಾನು ಕೀನ್ಯಾಕ್ಕೆ ಹೋಗಿದ್ದೆ. ಮಚಾಕೋಸ್ ಹತ್ತಿರ ಒಬ್ಬ ಅಜ್ಜಿ ನನ್ನ ಮುಖ ನೋಡಿ, "ನೀನು ದುಕಾದವರ ಮಗಳಾ?" ಅಂದರು. ಆಮೇಲೆ ಚಿಕ್ಕಂದಿನಲ್ಲಿ ಜೋಳ ಮಾರೋಕೆ ಹೋದಾಗ ನಮ್ಮ ಕಡೆಯ ಅಂಗಡಿಯವನು ತಕ್ಕಡಿ ಹೇಗೆ ಹಿಡಿಯುತ್ತಿದ್ದ ಅಂತ ಕೈಯಲ್ಲಿ ಮಾಡಿ ತೋರಿಸಿದರು. ಹೆಬ್ಬೆರಳು ತಟ್ಟೆಯ ಮೇಲಿತ್ತು. ಯಾವ ಫೈಲಿನಲ್ಲೂ ನನಗೆ ಆ ಹೆಬ್ಬೆರಳು ಸಿಕ್ಕಿರಲಿಲ್ಲ.

ಹೊರಡುವ ಮುಂಚೆ ಅಪ್ಪನ ಜೊತೆ ಹಳಿಯಾಳದ ಕಡೆ ಹೋಗಿ ಬಾ. ಅಲ್ಲಿನ ಸಿದ್ದಿ ಜನರ ಹಿರಿಯರು ಆಫ್ರಿಕಾದಿಂದ ಬಂದವರು ಅಲ್ವಾ? ಅಪ್ಪನಿಗೆ ಅಲ್ಲೇ ಅರ್ಧ ಉತ್ತರ ಸಿಗಬಹುದು.

ಕೆಲಸದ ವಿಷಯ ಸುಮ್ನೆ ಸಿಹಿ ಮಾಡಿ ಹೇಳಲಾರೆ. ಪಿಎಚ್‌ಡಿ ಆದಮೇಲೆ ಆರು ವರ್ಷದಲ್ಲಿ ಮೂರು ಊರು ಬದಲಾಯಿಸಿದೆ. ಒಂದು ಕಡೆ ಒಂಬತ್ತು ತಿಂಗಳ ಕೆಲಸ, ಬೇಸಿಗೆಗೆ ಸಂಬಳವೇ ಇಲ್ಲ. ಆಗ ಅಳುತ್ತಾ ಊರಿಗೆ ಫೋನ್ ಮಾಡಿದ್ದೂ ಉಂಟು. ಕಾಯಂ ಹುದ್ದೆ ಈಗ ಇನ್ನೂ ಕಡಿಮೆ. ಪತ್ರಾಗಾರದ ಕೆಲಸ, ಮ್ಯೂಸಿಯಂ ಕೆಲಸದ ಮೇಲೂ ಮೊದಲಿಂದಲೇ ಕಣ್ಣಿಡು.

ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಮಧ್ಯಾಹ್ನವೇ ಹೊರಗೆ ಓಡಾಡಿಬಿಡು. ಜೋಳದ ಹಿಟ್ಟು ಸಿಗುತ್ತದೆ, ಹೊತ್ತು ತರಬೇಡ. ನಾನು ಕೊಳ್ಳುವ ಅಂಗಡಿಯ ಗುಜರಾತಿ ಅಜ್ಜ ಉಗಾಂಡಾದ ಕಂಪಾಲಾದಲ್ಲಿ ಹುಟ್ಟಿದವರು. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ನಮ್ಮವರನ್ನು ಓಡಿಸಿದಾಗ ಒಂದು ಸೂಟ್‌ಕೇಸ್ ಹಿಡಿದು ಬಂದರಂತೆ. ಇವತ್ತಿಗೂ ಅವರ ಸ್ವಾಹಿಲಿ ನನ್ನದಕ್ಕಿಂತ ಚೆನ್ನಾಗಿದೆ. ನೀನು ಬಂದ ಮೊದಲ ಶನಿವಾರ ಅಲ್ಲಿಗೆ ಹೋಗೋಣ. ಅಷ್ಟರಲ್ಲಿ ಹತ್ತು ವಾಕ್ಯ ಕಲಿತಿರು, ಅವರೇ ತಿದ್ದುತ್ತಾರೆ.