ದೋಷಿ ಎಂದು ತೀರ್ಪಾದ ದಿನವೇ ಶಿಕ್ಷೆಯನ್ನು ಏಕೆ ಪ್ರಕಟಿಸುವುದಿಲ್ಲ?

2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಅತ್ಯಾಚಾರ ಪ್ರಕರಣದಲ್ಲಿ ದೋಷಿ ಎಂದು ಘೋಷಿಸಿದಾಗ, ನಮ್ಮ ದಾವಣಗೆರೆಯಲ್ಲೂ ಮಂಡಕ್ಕಿ–ಮೆಣಸಿನಕಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೊಬೈಲನ್ನೇ ನೋಡುತ್ತಾ ಕುಳಿತವರು ಇದನ್ನೇ ಕೇಳುತ್ತಿದ್ದರು. ಸೆಷನ್ಸ್ ವಿಚಾರಣೆಯಲ್ಲಿ, ಅಂದರೆ ಗಂಭೀರ ಅಪರಾಧಗಳ ವಿಚಾರಣೆಯಲ್ಲಿ, ಅಪರಾಧ ಸಾಬೀತಾದ ಬಳಿಕ, ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತನ್ನು ನ್ಯಾಯಾಧೀಶರು ಕೇಳಲೇಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258(2)ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ವಯಸ್ಸು, ಕುಟುಂಬ, ಹಿಂದಿನ ನಡತೆಯನ್ನು ಅಪರಾಧಿಯ ವಕೀಲರು ಮುಂದಿಟ್ಟರೆ, ಸಂತ್ರಸ್ತೆ ಅನುಭವಿಸಿದ ನೋವನ್ನು ಸರ್ಕಾರಿ ಅಭಿಯೋಜಕರು ಮುಂದಿಡುತ್ತಾರೆ. ಆ ಪ್ರಕರಣದಲ್ಲಿ ಮರುದಿನವೇ ಜೀವಾವಧಿ ಶಿಕ್ಷೆ ಪ್ರಕಟವಾಯಿತು. ಕಾಯುವ ಸಂಕಟ ನನಗೂ ಗೊತ್ತು, ಆದರೆ ಈ ಹಂತವನ್ನು ಬಿಟ್ಟಿದ್ದಕ್ಕಾಗಿಯೇ 1976ರ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿ, ಹೊಸದಾಗಿ ಕೇಳುವಂತೆ ಕೆಳ ನ್ಯಾಯಾಲಯಕ್ಕೆ ಹಿಂದಿರುಗಿಸಿತ್ತು.