ಅಲ್ಪ್ರಜೋಲಾಮ್ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಹುದೇ?

ಡೊಂಬಿವಲಿಯ ನಿಮ್ಮ ತಾಯಿಯವರು ವರ್ಷಗಳಿಂದ ರಾತ್ರಿ 0.5 ಮಿ.ಗ್ರಾಂ ತಗೊಳ್ಳುತ್ತಿದ್ದಾರೆ, ಈಗ ಮೆಡಿಕಲ್‌ನವರು ಚೀಟಿ ಇಲ್ಲದೆ ಕೊಡುತ್ತಿಲ್ಲ ಎಂದಿದ್ದೀರಿ. ಅವರದು ಸರಿಯೇ, ಇದು ಶೆಡ್ಯೂಲ್ ಎಚ್1 ಔಷಧಿ, ಅಂದರೆ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಯಲ್ಲಿದೆ. ಹಾಗಂತ ಇವತ್ತೇ ಬಿಡಿಸಬೇಡಿ, ಚೀಟಿ ಬರೆಸಿಕೊಳ್ಳಿ.

ಮಿದುಳನ್ನು ಶಾಂತಗೊಳಿಸುವ ಗಾಬಾ ರಾಸಾಯನಿಕದ ಪರಿಣಾಮವನ್ನು ಈ ಮಾತ್ರೆ ಹೆಚ್ಚಿಸುತ್ತದೆ. ಗಾಬಾ ಬಂದು ಕೂರುವ ನರಕೋಶದ ಗ್ರಾಹಕದಲ್ಲಿ (ಗಾಬಾ-ಎ) ಕ್ಲೋರೈಡ್ ಕಣಗಳನ್ನು ಒಳಬಿಡುವ ದ್ವಾರ ಪದೇಪದೇ ತೆರೆದು, ನರಕೋಶ ಶಾಂತವಾಗುತ್ತದೆ. ವರ್ಷಗಟ್ಟಲೆ ತಗೊಂಡರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಅರ್ಧಾಯುಷ್ಯ (ರಕ್ತದಲ್ಲಿ ಔಷಧಿ ಅರ್ಧಕ್ಕಿಳಿಯುವ ಸಮಯ) ಸುಮಾರು 11 ಗಂಟೆ, ವಯಸ್ಸಾದವರಲ್ಲಿ 16. ಹಠಾತ್ತಾಗಿ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ನಿದ್ದೆಗೇಡು, ಗಾಬರಿ, ನಡುಕ, ಕೆಲವರಿಗೆ ಫಿಟ್ಸ್.

ಸಾಮಾನ್ಯವಾಗಿ 2–4 ವಾರಕ್ಕೊಮ್ಮೆ 5–10% ಇಳಿಸುತ್ತಾರೆ. ಮಾತ್ರೆಯನ್ನು ಅರ್ಧ ಮಾಡಿದರೆ ಒಂದೇ ಏಟಿಗೆ 50% ಕಡಿತ, ಎಡವಟ್ಟಾಗುವುದೇ ಅಲ್ಲಿ. ಅದಕ್ಕೇ ಕೆಲ ವೈದ್ಯರು ಇದೇ ಗುಂಪಿನ, ಆದರೆ ದೇಹದಿಂದ ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಿಸುತ್ತಾರೆ. ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುಗಡೆ ಮಾಡುವ) ಮಾತ್ರೆಯನ್ನಂತೂ ಮುರಿಯಲೇಬೇಡಿ.