ರಾತ್ರಿ 11:30ಕ್ಕೆ ಗ್ರೂಪ್ ಬಿಟ್ಟ ಮೇಷ್ಟ್ರು

(ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರನ್ನ ಕೇಳೇ ಬರೀತಿರೋದು.)

ಮಂಡ್ಯ ಕಡೆ ಒಂದು ಸರ್ಕಾರಿ ಡಿಗ್ರಿ ಕಾಲೇಜಲ್ಲಿ 11 ವರ್ಷದಿಂದ ಗೆಸ್ಟ್ ಲೆಕ್ಚರರ್, ವಯಸ್ಸು 40 ದಾಟಿದೆ. ಮೈಸೂರಲ್ಲಿ ಕೌನ್ಸೆಲರ್ ಆಗಿರೋ ನನ್ನ ಹತ್ರ ಬಂದಿದ್ದು ಹೆಂಡ್ತಿ ಬಲವಂತಕ್ಕೆ. ಕೂತ ತಕ್ಷಣ "ನಮ್ಗೆ ಕೌನ್ಸೆಲಿಂಗ್ ಅಂದ್ರೆ ಇಲಾಖೇಲಿ ಕಾಲೇಜ್ ಆರಿಸ್ಕಳೋ ಕೌನ್ಸೆಲಿಂಗ್ ಒಂದೇ ಗೊತ್ತಿರೋದು ಮೇಡಂ" ಅಂದ್ರು. ನಾವಿಬ್ರೂ ನಕ್ಕಿದ್ದಾಯ್ತು, ಆಮೇಲೆ ಸುಮಾರು ಹೊತ್ತು ಮಾತೇ ಇಲ್ಲ.

ನಡೆದಿದ್ದು ಇಷ್ಟು. ಸೆಮಿಸ್ಟರ್ ಮುಗಿದಾಗ ಸ್ಟಾಫ್ ಗ್ರೂಪಿಗೆ ಒಂದು ಉದ್ದದ ಮೆಸೇಜ್ ಬಂತು, ಪಿಎಚ್‌ಡಿ ಆದೋರಿಗೆ ಅಭಿನಂದನೆ, ನಿವೃತ್ತಿ ಆಗ್ತಿರೋ ಎಫ್‌ಡಿಎಗೆ (ಆಫೀಸಿನ ಪ್ರಥಮ ದರ್ಜೆ ಸಹಾಯಕರು) ಬೀಳ್ಕೊಡುಗೆ, ಇಂಟರ್ನಲ್ ಮಾರ್ಕ್ಸ್ ಯುಯುಸಿಎಂಎಸ್ ಅನ್ನೋ ಆನ್‌ಲೈನ್ ಪೋರ್ಟಲ್‌ಗೆ ಹಾಕೋಕೆ ಕೊನೇ ದಿನ, ವ್ಯಾಲ್ಯುಯೇಶನ್ ಡ್ಯೂಟಿ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಸಂಸ್ಥೆಯ ಫೈಲು, ಎಲ್ಲಾ ಆದ್ಮೇಲೆ ಕೊನೇಲಿ ಒಂದ್ ಸಾಲು, ಅತಿಥಿ ಉಪನ್ಯಾಸಕರ ಸೇವೆ ಈ ದಿನಾಂಕಕ್ಕೆ ಮುಕ್ತಾಯ ಅಂತ. ಕೆಳಗಡೆ ಸಾಲಾಗಿ ಚಪ್ಪಾಳೆ ಇಮೋಜಿ. ಆ ಚಪ್ಪಾಳೆ ಪಿಎಚ್‌ಡಿಗೆ ಬಿದ್ದಿದ್ದು, ಇವ್ರಿಗೆ ಕಂಡಿದ್ದು ಮಾತ್ರ ತಮ್ಮ ಸಾಲಿನ ಕೆಳಗೆ. "ಹೆಸ್ರು ಹಾಕೋದ್ ಬ್ಯಾಡ ಮೇಡಂ, ಒಂದ್ ಥ್ಯಾಂಕ್ಸ್ ಇದ್ದಿದ್ರೂ ಸಾಕಿತ್ತು" ಅಂದ್ರು. ರಾತ್ರಿ 11:30ಕ್ಕೆ ಗ್ರೂಪಿಂದ ಎಕ್ಸಿಟ್ ಆಗ್ಬಿಟ್ರು.

ಅಸಲಿ ತೊಂದ್ರೆ ಶುರುವಾಗಿದ್ದೇ ಅದಾದ್ಮೇಲೆ. ಪ್ರಿನ್ಸಿಪಾಲ್ರು ಸಿಟ್ಟಾಗಿರ್ತಾರೆ, ಸರ್ವಿಸ್ ಸರ್ಟಿಫಿಕೇಟ್ ಕೊಡಲ್ಲ, ಮುಂದಿನ ವರ್ಷ ಸೇರಿಸ್ಕೊಳಲ್ಲ ಅಂತ ತಲೇಲಿ ಒಂದೇ ಓಡ್ತಿತ್ತು. ಕಾಲೇಜ್ ಲೈಬ್ರರಿಯ 4 ಪುಸ್ತಕ ಮನೇಲೇ ಇತ್ತು, ಕೊಡೋಕೂ ಧೈರ್ಯ ಇಲ್ಲ, ರಾತ್ರಿ 2 ಗಂಟೇಲೆದ್ದು ಕ್ಷಮಾಪಣೆ ಟೈಪ್ ಮಾಡೋದು, ಡಿಲೀಟ್ ಮಾಡೋದು. ಇದರ ಮಧ್ಯೆ ಊರಿಂದ ಅಣ್ಣ ಫೋನ್ ಮಾಡಿ "ನಾಲೇಲಿ ನೀರ್ ಬಿಟ್ಟವ್ರೆ, ಬಂದ್ ಗದ್ದೆನಾರೂ ನೋಡ್ಕೊ ಬಾರ್ಲಾ" ಅಂದಿದ್ದಾರೆ. ಅಣ್ಣ ಅಂದಿದ್ದು ಪ್ರೀತಿಗೇ, ಆದ್ರೆ ಆ "ನಾರೂ" ಚುಚ್ಚಿದೆ.

ನಾನು ಮೊದ್ಲು ನೇರವಾಗೇ ಕೇಳ್ದೆ, ಸಾಯೋ ಯೋಚನೆ ಬಂದಿದ್ಯಾ ಅಂತ. ಇಲ್ಲ ಅಂದ್ರು. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗಂಡ ಹೆಂಡ್ತಿ ಇಬ್ರ ಫೋನಲ್ಲೂ ಸೇವ್ ಮಾಡಿಸ್ದೆ, ರಾತ್ರಿ ಹೊತ್ತು ನಾನು ಸಿಗಲ್ಲ, ಅದು ಸಿಗುತ್ತೆ.

ಆಮೇಲೆ ಹೇಳಿದ್ದು: ಮೇಷ್ಟ್ರೇ, ಈಗ ಆಯ್ಕೆ ಆಗೋದು ಆನ್‌ಲೈನ್ ಅರ್ಜಿ ಮೇಲೆ, ಸರ್ವಿಸ್ ವರ್ಷಕ್ಕೂ ಅಂಕ ಇದೆ, ಗ್ರೂಪ್ ಬಿಟ್ಟಿದ್ದಕ್ಕೆ ಅಂಕ ಕಳೆಯೋ ಕಾಲಂ ಯಾವ ಫಾರಂನಲ್ಲಿದೆ ಹೇಳಿ? ಸರ್ಟಿಫಿಕೇಟ್ ನೀವು ಮಾಡಿದ ಕೆಲ್ಸದ್ದು, ಲಿಖಿತವಾಗಿ ಕೇಳಿ, ಅರ್ಜಿಯ ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಉದ್ದದ ಕ್ಷಮಾಪಣೆ ಕಳಿಸ್ಬೇಡಿ. ಪುಸ್ತಕ ತಗೊಂಡು ನೀವೇ ಹೋಗಿ, ಯಾರಾದ್ರೂ ಕೇಳಿದ್ರೆ "ಅವತ್ತು ಬೇಜಾರಾಗಿತ್ತು" ಅಂತ ಒಂದೇ ಮಾತು, ಅದು ನಿಜಾನೂ ಹೌದು. ಫೋನ್ ರಾತ್ರಿ ಅಡುಗೆಮನೇಲಿ ಚಾರ್ಜಿಗೆ.

ಇನ್ನೊಂದು ದುಡ್ಡಿನ ವಿಷ್ಯ. ವರ್ಷಾ ವರ್ಷ ರಜೇಲಿ ಗೌರವಧನ ನಿಂತೋಗುತ್ತೆ, 11 ವರ್ಷದಿಂದ ಗೊತ್ತಿರೋದೇ, ಆದ್ರೂ ಪ್ರತೀ ಸಲ ಅದು ತನ್ನ ಸೋಲು ಅನ್ನೋ ಥರ ಹೆಂಡ್ತಿ ಹತ್ರ ಮುಚ್ಚಿಡ್ತಿದ್ರು. ಆಯಮ್ಮಂಗೆ ಎಲ್ಲಾ ಗೊತ್ತಿತ್ತು, ಚೀಟಿ ಹಾಕಿ ಒಂದಿಷ್ಟು ಎತ್ತಿಟ್ಟಿದ್ರು ಕೂಡ! ಅವರನ್ನ ಒಳಗೆ ಕರೆಸಿ ಲೆಕ್ಕ ಇಬ್ರೂ ಸೇರಿ ಬರೀರಿ ಅಂದೆ. ಆ ಅರ್ಧ ಗಂಟೆ ನನ್ನ ಅವಶ್ಯಕತೆನೇ ಇರ್ಲಿಲ್ಲ. ಹಾಗಂತ ಮೆಸೇಜ್ ಬರೆದೋರು ಸರಿ ಅಂತ ನಾನು ಹೇಳ್ತಿಲ್ಲ, 11 ವರ್ಷ ಪಾಠ ಮಾಡ್ದೋರಿಗೆ ಒಂದ್ ಸಾಲು ಜಾಸ್ತಿ ಬರೆದಿದ್ರೆ ಕೈ ಸವೀತಿರ್ಲಿಲ್ಲ.

2 ವಾರ ಬಿಟ್ಟು ಬಂದ್ರು. ಪ್ರಿನ್ಸಿಪಾಲ್ರಿಗೆ ಇವ್ರು ಗ್ರೂಪ್ ಬಿಟ್ಟಿದ್ದೇ ಗೊತ್ತಿರ್ಲಿಲ್ವಂತೆ. ಗಮನಿಸಿದ್ದು ನಿವೃತ್ತಿ ಆಗ್ತಿದ್ದ ಆ ಎಫ್‌ಡಿಎ ಒಬ್ರೇ. "ಏನ್ ಸಾರ್, ಡಾಟಾ ಖಾಲಿಯಾಯ್ತಾ?" ಅಂತ ಕೇಳಿ, ಕ್ಯಾಂಟೀನಿಗೆ ಕರ್ಕೊಂಡೋಗಿ ಟೀ ಕುಡಿಸಿ, ಸರ್ಟಿಫಿಕೇಟ್ ಅವತ್ತೇ ಸೈನ್ ಮಾಡಿಸಿ ಕೊಟ್ರಂತೆ. ನಿದ್ದೆ ಈಗ ಪರವಾಗಿಲ್ಲ. ಗ್ರೂಪಿಗೆ ವಾಪಸ್ ಸೇರಿಲ್ಲ, ಅಣ್ಣನ ಗದ್ದೆಗೆ ಮಾತ್ರ ಶನಿವಾರ ಹೋಗ್ತಿದಾರೆ.